ತಾಳದಜ್ಜಿಯ ಹದಿನಾಲ್ಕನೆಯ ಧ್ಯಾನ

ಫೆಬ್ರವರಿ ೧೪, ಬೂದಿ ಬುಧವಾರ

ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಬಂದವಳು, ಬಟ್ಟೆ ಬದಲಿಸುವುದಕ್ಕೂ ಪುರುಸೊತ್ತಿಲ್ಲದೆ ಹಾಸಿಗೆ ಹಿಡಿದ ಮುದುಕಿ ಅತ್ತೆಯ ಹೊಲಸು ಬಳಿದೆ. ನೀನು ಮಣ್ಣು, ಮಣ್ಣಿಗೇ ಮರಳುತ್ತೀ ಎಂದರು ಫಾದರ್. ಮಣ್ಣಾಗಿದ್ದರೆ ಎಷ್ಟೋ ವಾಸಿಯಿತ್ತು, ಗುಡಿಸಿ ಆಚೆ ಹಾಕಬಹುದಿತ್ತು.

ಬೇಲಿಯಾಚೆಯಿಂದ ಪಕ್ಕದ ಮನೆಯ ಲುವಾ ಇಣುಕಿದಳು.

"ಪುಣ್ಯ ಕಟ್ಕೊಳ್ತಿದೀಯ ಥೊಮಕ್ಕ. ಸ್ವರ್ಗದಲ್ಲಿ ನಿಂಗೆ ಮುಂದಿನ ಸಾಲಲ್ಲೇ ಕುರ್ಚಿ ಹಾಕಿರ್ತಾರೆ ನೋಡು."

"ಆ ಕುರ್ಚೀನ ಈಗ್ಲೇ ಕಳಿಸ್ಕೊಡೋಕೆ ಹೇಳೇ. ಸೊಂಟ ಬಿದ್ದೋಗ್ತಿದೆ."

ಅವಳು ನಕ್ಕಳು. ನಾನು ನಗಿಸುವುದಕ್ಕೆ ಹೇಳಿದ್ದಲ್ಲ.

ಹೋದ ಮಳೆಗಾಲದಲ್ಲಿ ಅತ್ತೆ ಕೊಳದ ಮೆಟ್ಟಿಲ ಮೇಲೆ ಕುಸಿದು ಬಿದ್ದಾಗ ಬಲಗೈ, ಬಲಗಾಲು, ನಾಲಗೆ ಮೂರೂ ಒಟ್ಟಿಗೆ ಹೋದವು. ಊರಿಗೆಲ್ಲ ದುಃಖವಾಯಿತು. ನನಗೂ ಆಯಿತು, ಆದರೆ ನಾಲಗೆಗಾಗಿ ಅಲ್ಲ. ಆ ನಾಲಗೆಯ ಕೆಳಗೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ.

ಊರಿನವರಿಗೆ ಅವಳು ತಾಳದಜ್ಜಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಸಂಜೆಗಳಲ್ಲಿ ನಮ್ಮ ಚರ್ಚಿನಲ್ಲಿ ಯೇಸುಸ್ವಾಮಿಯ ಪಾಡುಗಳ ಹದಿನೈದು ಧ್ಯಾನಗಳನ್ನು ರಾಗವಾಗಿ ಹಾಡುತ್ತಾರೆ. ಒಂದೊಂದಕ್ಕೆ ಒಬ್ಬೊಬ್ಬರು, ಪೀಠದ ಮುಂದೆ ಹಾಸಿದ ಚಾಪೆಯ ಮೇಲೆ ಒಂಟಿಯಾಗಿ ನಿಂತು, ಪುಸ್ತಕ ನೋಡದೆ. ಒಂದು ಪದ ತಪ್ಪಿದರೂ ಪಕ್ಕದಲ್ಲಿ ಕೂತವರು ಮರದ ತಾಳವನ್ನು ಟಕ್ ಎಂದು ಬಡಿಯುತ್ತಾರೆ. ಆ ಸಾಲನ್ನು ಮತ್ತೊಮ್ಮೆ ಸರಿಯಾಗಿ ಹೇಳಬೇಕು. ಅದೇ ಸಾಲಿಗೆ ಎರಡನೇ ಸಲ ತಾಳ ಬಿದ್ದರೆ ಊರಿನವರೆಲ್ಲರ ಎದುರಿಗೆ ಚಾಪೆ ಇಳಿಯಬೇಕು. ಆ ತಾಳ ಮೂವತ್ತು ವರ್ಷ ಇವಳ ಕೈಯಲ್ಲಿತ್ತು. ಮದುವೆಯಾದ ಮೊದಲ ವರ್ಷ, ಬಸುರಿಯಾಗಿದ್ದ ನನ್ನನ್ನೂ ಇಳಿಸಿದಳು. ಮತ್ತೆ ನಾನು ಆ ಚಾಪೆ ತುಳಿದಿಲ್ಲ.

ಫೆಬ್ರವರಿ ೧೭, ಚಾಂದ್ರಮಾನ ಹೊಸ ವರ್ಷದ ಎರಡನೆಯ ದಿನ

ಹೆಣ್ಣುಮಕ್ಕಳು ತವರಿಗೆ ಬರುವ ದಿನ. ಲುವಾಳ ಇಬ್ಬರು ಮಕ್ಕಳೂ ಗಂಡಂದಿರ ಮೋಟಾರುಬೈಕಿನ ಹಿಂದೆ ಕೂತು, ಕೈತುಂಬ ಹಣ್ಣಿನ ಬುಟ್ಟಿ ಹಿಡಿದು ಬಂದಿಳಿದರು. ನಾನು ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿ ಕಡುಬು ಹಂಚಿದೆ. ಮಗಳು ಲಿಯೆನ್‌ಗೆಂದು ಪ್ರತಿ ವರ್ಷ ಒಂದು ಎತ್ತಿಡುತ್ತೇನೆ. ಬೂಷ್ಟು ಬಂದ ಮೇಲೆ ಹಂದಿಗೆ ಹಾಕುತ್ತೇನೆ.

ಮಧ್ಯಾಹ್ನ ಅವಳ ಫೋನು ಬಂತು. ಅಡುಗೆಮನೆಯ ಹಿಂದೆ ಸೌದೆ ರಾಶಿಯ ಮರೆಗೆ ಹೋದೆ.

"ಅಮ್ಮ, ಪಾಪು ಈಗ ಓಡ್ತಾಳೆ."

"ಹೌದಾ? ಏನು ತಿಂತಾಳೆ?"

"ಎಲ್ಲಾ ತಿಂತಾಳೆ. ಅಜ್ಜಿ ಹೇಗಿದಾರೆ? ಏನಾದ್ರೂ ಹೇಳಿದ್ರಾ?"

"ಏನ್ ಹೇಳ್ತಾರೆ, ಬಾಯೇ ಇಲ್ವಲ್ಲ."

"ಸರಿ ಅಮ್ಮ. ಇಡ್ತೀನಿ."

ಲಿಯೆನ್ ನನ್ನ ಒಬ್ಬಳೇ ಮಗಳು. ಆರು ವರ್ಷದ ಹಿಂದೆ ಹೈಫಾಂಗ್ ನಗರದ ಹುಡುಗನನ್ನು ಮದುವೆಯಾದಳು. ಬುದ್ಧನಿಗೆ ಊದುಬತ್ತಿ ಹಚ್ಚುವ ಮನೆ. ಚರ್ಚಿನಲ್ಲಿ ಮದುವೆಯಾಗಲಿಲ್ಲ, ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕಿ ಬಂದರು. ಮುದುಕಿ ಅಂಗಳದಲ್ಲಿ ನಿಂತು ಹೇಳಿದಳು: "ನಾನಾಗಿ ನನ್ನ ಬಾಯಿಂದ ಕರೆಯೋವರೆಗೂ ನೀನು ಈ ಹೊಸ್ತಿಲು ತುಳೀಬಾರ್ದು." ನನ್ನ ಗಂಡ ಖಿಯೆಮ್ ತಲೆಯಾಡಿಸಿದರು. ನಾನು ಒಳಗೆ ಅನ್ನ ಬಸಿಯುತ್ತಿದ್ದೆ.

ಇವತ್ತು ಊಟಕ್ಕೆ ಕೂತಾಗ, ಮಗಳನ್ನು ಕರೆಸೋಣವೇ ಎಂದು ಖಿಯೆಮ್ ಹತ್ತಿರ ಮತ್ತೆ ಕೇಳಿದೆ.

"ಅಮ್ಮ ಬಾಯ್ಬಿಟ್ಟು ಕರೀಲಿ. ನಾಳೆ ಬೆಳಿಗ್ಗೇನೇ ಬಸ್ ಹತ್ತಿ ಹೋಗಿ ಕರ್ಕೊಂಬರ್ತೀನಿ."

"ಬಾಯಿ ಎಲ್ಲಿದೆ ರೀ ಅವರಿಗೆ?"

"ಅದಕ್ಕೆ ನಾನೇನ್ ಮಾಡ್ಲಿ? ಮಾತು ಅಂದ್ರೆ ಮಾತು."

ಬೈಬಲಿನ ಜಕರೀಯನ ನಾಲಗೆಯನ್ನು ದೇವರು ಕಟ್ಟಿಹಾಕಿದ್ದು ಮಗು ಹುಟ್ಟುವ ತನಕ ಮಾತ್ರ, ಆಮೇಲೆ ಬಿಚ್ಚಿದ. ನಮ್ಮ ಮನೆಯ ನಾಲಗೆಗೆ ಅಂಥ ವಾಯಿದೆ ಏನೂ ಇಲ್ಲ. ಅವಳಿಗೆ ಮಾತು ಬರಲಿ ಎಂದು ಜಪಸರ ಹಿಡಿದು ಕೂತೆ. ಬಂದರೆ ಮೊದಲು ಬರುವುದು ನನಗೆ ಬೈಗುಳವೇ ಎಂದು ನೆನಪಾಗಿ ಅರ್ಧಕ್ಕೇ ಎದ್ದೆ.

ಫೆಬ್ರವರಿ ೨೩

ಬೆಳಿಗ್ಗೆ ಮುದುಕಿಯ ಮೈ ಒರೆಸುತ್ತಾ ಬಾಯಿಗೆ ಬಂದದ್ದನ್ನು ಗುನುಗುತ್ತಿದ್ದೆ. ಬಂದದ್ದು ಹದಿನಾಲ್ಕನೆಯ ಧ್ಯಾನ, ನನ್ನನ್ನು ಚಾಪೆಯಿಂದ ಇಳಿಸಿದ್ದೇ ಅದು. ಶಿಲುಬೆಯಿಂದ ಇಳಿಸಿದ ಮಗನ ದೇಹವನ್ನು ತಾಯಿಯ ಮಡಿಲಿಗೆ ಕೊಡುವ ಭಾಗ. ಎಲ್ಲೋ ಒಂದು ಪದ ತಪ್ಪಿರಬೇಕು. ಅವಳ ಎಡಗೈ ಮಂಚದ ಹಲಗೆಯನ್ನು ಟಕ್ ಎಂದು ಬಡಿಯಿತು. ಏಳು ತಿಂಗಳಿಂದ ಗೊರಗೊರ ಬಿಟ್ಟು ಬೇರೇನೂ ಹೊರಡಿಸದ ಬಾಯಿಂದ ಇಡೀ ಸಾಲು ರಾಗದ ಸಮೇತ ಬಂತು.

"ಮೊಳೆ ಕಿತ್ತ ಕೈಯನ್ನು ಮಡಿಲೊಳಗೆ ಇಟ್ಟರು, ತಾಯಿ ನೋಡಿದಳು, ತಾಯಿ ನೋಡಿದಳು..."

ಮುಂದಿನ ಸಾಲೂ ಬಂತು, ಕೊನೆಯ ತನಕ ಬಂತು. ಮುಗಿದ ಮೇಲೆ "ನೀರು ಬೇಕಾ?" ಎಂದು ಕೇಳಿದರೆ ಮತ್ತೆ ಗೊರಗೊರ.

ಏಳು ತಿಂಗಳು ತೊಳೆದೆ, ತಿನ್ನಿಸಿದೆ, ಮಗ್ಗುಲು ಬದಲಿಸಿದೆ. ಒಂದು ದಿನ 'ಥೊಮ್' ಎಂದು ಬಾಯಿಗೆ ಬರಲಿಲ್ಲ. ನನ್ನ ತಪ್ಪು ಹಿಡಿಯುವುದಕ್ಕೆ ಮಾತ್ರ ನಾಲಗೆ ಎದ್ದು ಬಂತು.

ಫೆಬ್ರವರಿ ೨೬

ಲುವಾಳ ಕಿವಿಗೆ ಬಿದ್ದರೆ ಊರಿಗೇ ಡಂಗುರ ಹೊಡೆದ ಹಾಗೆ. ಮನೆ ತುಂಬ ಜನ. ಮಿದುಳಿನಲ್ಲಿ ಹಾಡು ಕೂರುವ ಜಾಗ ಬೇರೆ, ಮಾತು ಕೂರುವ ಜಾಗ ಬೇರೆ, ಈ ಕಾಯಿಲೆಯ ಕೆಲವರಲ್ಲಿ ಹೀಗಾಗುವುದುಂಟು ಎಂದು ಫಾದರ್ ಬಿಡಿಸಿ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಪವಾಡ ಬೇಕಿತ್ತು. ಪವಾಡದ ಒದ್ದೆ ಬಟ್ಟೆ ಒಗೆಯುವವಳು ನಾನು.

ಚರ್ಚಿನ ಹಿರಿಯ ಬಾಂಗ್ ಅಜ್ಜನೂ ಬಂದಿದ್ದರು. ಮುದುಕಿ ಮಲಗಿದ ಮೇಲೆ ತಾಳ ಅವರ ಕೈಗೆ ಹೋಗಿದೆ.

"ಈ ಸಲ ಶುಭ ಶುಕ್ರವಾರ ಹದಿನಾಲ್ಕನೇ ಧ್ಯಾನ ತಾಳದಜ್ಜೀದೇ. ಕುರ್ಚೀಲಿ ಕೂರ್ಸಿ ಚಾಪೆ ಮೇಲೆ ಇಡೋಣ."

"ಮೊದಲನೇ ಸಾಲು ಯಾರಾದ್ರೂ ಎತ್ಕೊಡ್ಬೇಕು ಅಜ್ಜ, ಇಲ್ದಿದ್ರೆ ಶುರುವಾಗಲ್ಲ" ಎಂದೆ.

"ನೀನೇ ಎತ್ಕೊಡಮ್ಮ. ಪಕ್ಕದಲ್ಲಿ ಮಂಡಿಯೂರ್ಕೊಂಡು ಕೂತ್ಕೋ. ತಾಳದ ಭಯ ಬೇಡ. ತಾಳದಜ್ಜಿ ತಪ್ಪೋದುಂಟಾ?"

ಖಿಯೆಮ್ ಕಣ್ಣು ತುಂಬಿಕೊಂಡರು. ನನ್ನ ಅಮ್ಮ ಸತ್ತಾಗ ಆ ಕಣ್ಣು ತುಂಬಿರಲಿಲ್ಲ.

ಮಾರ್ಚ್ ೨

ನನ್ನ ಗಂಡ ಮರದಲ್ಲಿ ಸಂತರನ್ನು ಕೆತ್ತುತ್ತಾರೆ. ನಮ್ಮ ಅಂಗಳದಲ್ಲಿ ಯಾವಾಗಲೂ ಯಾರಾದರೊಬ್ಬ ಸಂತ ತಲೆಯಿಲ್ಲದೆಯೋ ಕೈಯಿಲ್ಲದೆಯೋ ನಿಂತಿರುತ್ತಾನೆ. ಈಗ ನಡೆಯುತ್ತಿರುವುದು ಹಲಸಿನ ಮರದ ಮರಿಯಮ್ಮ, ಮಡಿಲಲ್ಲಿ ಮಗನ ದೇಹ. ಈಸ್ಟರ್ ಒಳಗೆ ಬೇರೆ ಊರಿನ ಚರ್ಚಿಗೆ ಕೊಡಬೇಕು. ಮುಖದ ಕೊನೆಯ ಕೆಲಸವೊಂದು ಬಿಟ್ಟು ಎಲ್ಲ ಮುಗಿದಿದೆ.

ಚಹಾ ಕೊಡಲು ಹೋದವಳು ಆ ಮುಖ ಕಂಡು ಹಾಗೇ ನಿಂತೆ. ಅಗಲ ಹಣೆ, ಸ್ವಲ್ಪ ಮೇಲೆದ್ದ ಮೂಗಿನ ತುದಿ, ಅಳು ನುಂಗುವಾಗ ಒಳಕ್ಕೆ ಹೋಗುವ ಕೆಳತುಟಿ. ನನ್ನ ಲಿಯೆನ್.

"ರೀ, ಇದು..."

ಅವರು ಚಹಾ ಕುಡಿದು ಮುಗಿಸಿದರು. ಉಳಿ ತೆಗೆದುಕೊಂಡು ಎರಡೇ ಏಟಿಗೆ ಮೂಗು ಹಾರಿಸಿದರು.

"ಮರ ಸರಿ ಇಲ್ಲ. ಹೋಗು, ಕೆಲಸ ನೋಡು."

ಅವರಿಗೆ ಹೊಡೆದುಬಿಡಬೇಕು ಅನಿಸಿತು. ಮಗಳು ಆ ಮನುಷ್ಯನ ಕೈಗೆ ಬೇಕು, ಬಾಯಿಗೆ ಬೇಡ. ಮರಿಯಮ್ಮನಿಗೆ ಮಗನ ದೇಹವಾದರೂ ಮಡಿಲಿಗೆ ಸಿಕ್ಕಿತು. ನನ್ನ ಮಗಳು 'ಇಡ್ತೀನಿ ಅಮ್ಮ' ಎನ್ನುವ ಒಂದು ದನಿ ಅಷ್ಟೆ.

ಮಾರ್ಚ್ ೫

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಡಿಸುತ್ತೇನೆ. ಕೊನೆಯ ಭಾಗದಲ್ಲಿ ತಾಯಿ ಮಗನ ದೇಹವನ್ನು ಅಪ್ಪಿಕೊಂಡು ಕರೆಯುವ ಸಾಲು ಬರುತ್ತದೆ. "ಬಾ ನನ್ನ ಕಂದಾ, ಮನೆಗೆ ಬಾ."

ಇವತ್ತು ಆ ಸಾಲು ಕೇಳುತ್ತಿದ್ದ ಹಾಗೆ ನನಗೆ ಹೊಳೆಯಿತು. ಹಾಡಿನಲ್ಲಿ ಮಾತ್ರ ನಾಲಗೆ ಬರುವುದಾದರೆ ಹಾಡಿನಲ್ಲೇ ಕರೆಯಲಿ. 'ಬಾ ನನ್ನ ಲಿಯೆನ್, ಮನೆಗೆ ಬಾ.' ರಾಗಕ್ಕೆ ಏನೂ ಧಕ್ಕೆ ಇಲ್ಲ, ಕಲಿಸಿದರೆ ಆಯಿತು. ಶುಭ ಶುಕ್ರವಾರ, ಪೀಠದ ಮುಂದೆ, ಊರೆಲ್ಲ ಕೇಳುವ ಹಾಗೆ. ಬಾಯಿಬಿಟ್ಟು ಕರೆಯಲಿ ಎಂದರಲ್ಲ ಖಿಯೆಮ್, ಆಮೇಲೆ ಅವರಿಗೆ ಏನು ನೆಪ ಉಳಿಯುತ್ತದೆ ನೋಡೋಣ.

ತಾಳ ಬೀಳುತ್ತದೆ ಎಂದು ಗೊತ್ತು. ಬೀಳಲಿ. ಊರಿನವರಿಗೆಲ್ಲ ಬಡಿದವಳಿಗೆ ಒಂದು ಸಲ ಬಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ನಿಜ ಹೇಳಬೇಕೆಂದರೆ ಅದನ್ನು ನೆನೆದುಕೊಂಡೇ ಇವತ್ತು ಒಂದು ಬಟ್ಟಲು ಅನ್ನ ಹೆಚ್ಚಿಗೆ ಉಂಡೆ.

ಮಾರ್ಚ್ ೬

'ಬಾ ನನ್ನ ಲಿಯೆನ್' ಎಂದು ಎತ್ತಿಕೊಟ್ಟೆ. ಟಕ್! ಅವಳು 'ಕಂದಾ' ಎಂದೇ ಹಾಡಿದಳು. ಮತ್ತೆ ಎತ್ತಿಕೊಟ್ಟೆ, ಮತ್ತೆ ಟಕ್. ಕಣ್ಣಲ್ಲಿ ಹಳೆಯ ಬೆಂಕಿಯೇ. ಅರ್ಥವಾಗಿದೆ ಇವಳಿಗೆ, ಚೆನ್ನಾಗಿ ಅರ್ಥವಾಗಿದೆ.

ಮಾರ್ಚ್ ೮

ಮಹಿಳಾ ದಿನವಂತೆ. ಲುವಾಳ ಗಂಡ ಅವಳಿಗೆ ಗುಲಾಬಿ ತಂದುಕೊಟ್ಟ. ಖಿಯೆಮ್ ನನಗೆ ಬೇಸಿನ್ ತಂದುಕೊಟ್ಟರು, ಹಳೆಯದು ಒಡೆದಿತ್ತು.

ಪ್ರಾರ್ಥನೆಗೆ ಕೂತೆ. ಕರ್ತನೇ, ನಿನ್ನ ತಾಯಿಯ ಹಾಡಿನಲ್ಲಿ ನನ್ನ ಮಗಳ ಹೆಸರು ತುರುಕುತ್ತಿದ್ದೇನೆ. ನಿನಗೆ ಸಿಟ್ಟು ಬಂದರೆ ಬರಲಿ. ನಿನ್ನ ತಾಯಿಗೆ ಬರಲಾರದು ಎಂದು ನನ್ನ ನಂಬಿಕೆ.

ಮಾರ್ಚ್ ೯

ಬಡಿದಳು.

ಮಾರ್ಚ್ ೧೦

ಬಡಿದಳು. ಬೆಳಿಗ್ಗೆಯೂ, ಸಂಜೆಯೂ. ನಾನೂ ಬಿಡಲಿಲ್ಲ.

ಮಾರ್ಚ್ ೧೩

ಹಲಗೆಗೆ ಬಡಿದು ಬಡಿದು ಅತ್ತೆಯ ಬೆರಳ ಗಂಟು ಸುಲಿದಿದೆ. ಎಣ್ಣೆ ಹಚ್ಚಿದೆ. ಹಲಗೆಯ ಮೇಲೆ ಹಳೆಯ ಟವಲು ಮಡಿಚಿ ಹಾಸಿದೆ. ಸದ್ದು ಕಡಿಮೆಯಾಗಲಿ ಎಂದು, ಅಷ್ಟೆ.

ಮಾರ್ಚ್ ೧೬

ತುಂತುರು ಮಳೆ, ಹಾಸಿಗೆಯೂ ಒಣಗುತ್ತಿಲ್ಲ, ಗೋಡೆಯೂ ಒಣಗುತ್ತಿಲ್ಲ. ಅತ್ತೆಯ ತಲೆ ಬಾಚುತ್ತಾ ಕೂತೆ. ಮಾತಾಡಲು ಬೇರೆ ಯಾರೂ ಇರಲಿಲ್ಲ, ಅವಳ ಹತ್ತಿರವೇ ಆಡಿದೆ. ಲಿಯೆನ್‌ಗೆ ಹೆರಿಗೆ ಕಷ್ಟವಾದದ್ದು, ಆಸ್ಪತ್ರೆಯಿಂದ ನನಗೆ ಫೋನು ಮಾಡಿ ಏನೂ ಹೇಳದೆ ಅತ್ತದ್ದು, ಮಗುವಿಗೆ ಈಗ ಎರಡು ವರ್ಷ ಆಗಿರುವುದು. ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿಲ್ಲ.

ಫೋನಿನಲ್ಲಿ ಮಗುವಿನ ಫೋಟೋ ತೋರಿಸಿದೆ. ಅತ್ತೆ ಎಡಗೈಯಿಂದ ಫೋನು ಕಿತ್ತುಕೊಂಡು ಎದೆಯ ಮೇಲೆ ಒತ್ತಿಕೊಂಡಳು. ಎಷ್ಟು ಕೇಳಿದರೂ ಕೊಡಲಿಲ್ಲ. ಎಲ್ಲಿ ಜಜ್ಜಿಹಾಕುತ್ತಾಳೋ ಎಂದು ಬೆರಳು ಬಿಡಿಸಿ ತೆಗೆದುಕೊಂಡೆ.

ಮಾರ್ಚ್ ೧೯, ಸಂತ ಜೋಸೆಫರ ಹಬ್ಬ

ಖಿಯೆಮ್‌ಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಜೋಸೆಫ್. ಬಡಗಿಗಳ ಹಬ್ಬವೂ ಹೌದು. ಹಂದಿಮಾಂಸ ಮಾಡಿದೆ, ನಾಲ್ಕು ಜನ ಬಂದು ಉಂಡು ಹೋದರು. ಸಂತ ಜೋಸೆಫ್ ಬೈಬಲಿನಲ್ಲಿ ಒಂದು ಮಾತೂ ಆಡುವುದಿಲ್ಲ, ಎಂಥ ದೊಡ್ಡ ಗುಣ ಎಂದು ಫಾದರ್ ಪ್ರಸಂಗದಲ್ಲಿ ಹೊಗಳಿದರು. ಮಾತಾಡದ ಗಂಡನ ಜೊತೆ ಫಾದರ್ ಒಂದು ವಾರ ಇದ್ದು ನೋಡಲಿ.

ಸಂಜೆ 'ಬಾ ನನ್ನ ಲಿಯೆನ್' ಎಂದಾಗ ಅತ್ತೆ ಬಡಿಯಲಿಲ್ಲ. ಸುಮ್ಮನೆ ನನ್ನನ್ನು ನೋಡಿದಳು. ಕೈಗೆ ಸುಸ್ತಾಗಿರಬೇಕು.

ಮಾರ್ಚ್ ೨೨

ಹಾಡಿದಳು!

"ಬಾ ನನ್ನ ಲಿಯೆನ್, ಮನೆಗೆ ಬಾ." ಮೊದಲು ಸಣ್ಣಗೆ. ಸಂಜೆ ಪೂರ್ತಿ ದನಿಯಲ್ಲಿ. ಆ ಹೆಸರು ಈ ಮನೆಯಲ್ಲಿ ಗಟ್ಟಿಯಾಗಿ ಕೇಳಿ ಆರು ವರ್ಷವಾಗಿತ್ತು. ಗೆದ್ದೆ ಎಂದು ಅಡುಗೆಮನೆಗೆ ಓಡಿದೆ. ಅಲ್ಲಿ ಹೋಗಿ ಯಾಕೆ ಅಳು ಬಂತೋ ಗೊತ್ತಿಲ್ಲ. ಸೌದೆ ಹಸಿಯಿತ್ತು, ಹೊಗೆಯೂ ಜೋರಾಗಿತ್ತು.

ಮಾರ್ಚ್ ೨೫, ಗರಿಗಳ ಭಾನುವಾರ

ಪಾಪನಿವೇದನೆಗೆ ಸಾಲು ನಿಂತೆ. ಸಿಟ್ಟು, ಸುಳ್ಳು, ಗಂಡನಿಗೆ ಮನಸ್ಸಿನಲ್ಲೇ ಹಾಕಿದ ಶಾಪ ಎಲ್ಲ ಹೇಳಿದೆ. ಶುಕ್ರವಾರದ ವಿಷಯ ಹೇಳಲಿಲ್ಲ. ಇನ್ನೂ ಮಾಡದ ಪಾಪಕ್ಕೆ ಕ್ಷಮೆ ಕೇಳಿದರೆ ಆಮೇಲೆ ಮಾಡುವುದು ಹೇಗೆ?

ಅತ್ತೆಗೆ ಶುಕ್ರವಾರ ಉಡಿಸಲು ಅವಳ ನೀಲಿ ನಿಲುವಂಗಿ ತೆಗೆದು ಬಿಸಿಲಿಗೆ ಹಾಕಿದೆ. ಭುಜದ ಹತ್ತಿರ ದೊಗಲೆಯಾಗುತ್ತದೆ. ಒಳಗಿನಿಂದ ಹೊಲಿಗೆ ಹಾಕಿದೆ. ಚಾಪೆಯಿಂದ ಇಳಿಸಿದ ಮೇಲೆ ಜನ ಏನನ್ನುತ್ತಾರೋ ಎನ್ನುವ ಯೋಚನೆ ಬರುತ್ತಿದೆ. ಅವಳೆಂದೂ ನನ್ನ ಬಗ್ಗೆ ಹಾಗೆ ಯೋಚಿಸಲಿಲ್ಲ ಎಂದು ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ.

ಮಾರ್ಚ್ ೩೦, ಶುಭ ಶುಕ್ರವಾರ

ಎಲ್ಲವನ್ನೂ ಬರೆದುಬಿಡುತ್ತೇನೆ.

ಚರ್ಚಿಗೆ ಕಾಲಿಡಲು ಜಾಗವಿರಲಿಲ್ಲ. ಮನೆಯಲ್ಲೇ ಸಾವಾದ ಹಾಗೆ ಎಲ್ಲರ ತಲೆಗೂ ಬಿಳಿ ಪಟ್ಟಿ. ಅತ್ತೆಯ ತಲೆಗೆ ನಾನೇ ಕಟ್ಟಿದೆ. ಖಿಯೆಮ್ ಮತ್ತು ಲುವಾಳ ಗಂಡ ಬಿದಿರು ಕುರ್ಚಿ ಎತ್ತಿ ತಂದು ಚಾಪೆಯ ಮೇಲೆ ಇಟ್ಟರು. ಒಂದೊಂದು ಧ್ಯಾನ ಮುಗಿದ ಹಾಗೆ ಒಂದೊಂದು ಮೇಣದಬತ್ತಿ ಆರಿಸುತ್ತಾ ಬಂದಿದ್ದರು. ನಮ್ಮ ಸರದಿಗೆ ಎರಡು ಮಾತ್ರ ಉರಿಯುತ್ತಿದ್ದವು.

ನಾನು ಮಂಡಿಯೂರಿ ಮೊದಲ ಸಾಲು ಎತ್ತಿಕೊಟ್ಟೆ. ಅತ್ತೆ ಹಿಡಿದುಕೊಂಡಳು. ನಾನು ಅವಳನ್ನು ಎಷ್ಟು ದ್ವೇಷಿಸಿದ್ದರೂ ಒಂದು ಮಾತು ಸುಳ್ಳು ಹೇಳಲಾರೆ, ಅಂಥ ಹಾಡನ್ನು ನಾನು ಕೇಳಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಗಿ ಜೊಲ್ಲು ಇಳಿಯುತ್ತಿತ್ತು, ದನಿ ಮಾತ್ರ ನೆಟ್ಟಗೆ ನಿಂತಿತ್ತು. ಲುವಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮೂರನೇ ಸಾಲಿನಲ್ಲಿ ಖಿಯೆಮ್ ಹೆಮ್ಮೆಯಿಂದ ಕೂತಿದ್ದರು.

ಆ ಸಾಲು ಹತ್ತಿರ ಬಂದ ಹಾಗೆ ಬೇಡ ಎನಿಸಿತು. ಇಷ್ಟು ಜನರ ಮುಂದೆ ಬೇಡ, ಇವಳಿಗೆ ಬೇಡ. ಅವಳ ಕೈ ಹಿಡಿದುಕೊಂಡು "ಕಂದಾ ಅನ್ನಿ ಅಮ್ಮ, ಕಂದಾ" ಎಂದು ಪಿಸುಗುಟ್ಟಿದೆ.

ಅವಳು ನನ್ನ ಕಡೆ ತಿರುಗಿದಳು.

"ಬಾ ನನ್ನ ಲಿಯೆನ್, ಮನೆಗೆ ಬಾ."

ಟಕ್.

ಚರ್ಚಿನಲ್ಲಿ ಗುಜುಗುಜು ಎದ್ದಿತು. ಬಾಂಗ್ ಅಜ್ಜ ತಾವೇ ಬಗ್ಗಿ ಹೇಳಿದರು, "ಕಂದಾ ಅಂತ ತಾಳದಜ್ಜಿ. ಕಂದಾ. ಇನ್ನೊಂದ್ಸಲ ಹೇಳಿ, ಸಾಕು." ನಾನೂ ಹೇಳಿದೆ. ಇಬ್ಬರೂ ಸರಿಯಾದ ಸಾಲನ್ನೇ ಎತ್ತಿಕೊಟ್ಟೆವು.

ಅವಳು ಉಸಿರು ಎಳೆದುಕೊಂಡಳು. ಮೊದಲಿಗಿಂತ ಗಟ್ಟಿಯಾಗಿ ಹಾಡಿದಳು.

"ಬಾ ನನ್ನ ಲಿಯೆನ್, ಮನೆಗೆ ಬಾ!"

ಬಾಂಗ್ ಅಜ್ಜನ ಕೈ ಮೇಲಕ್ಕೆದ್ದು ಹಾಗೇ ನಿಂತಿತು. ಅವರು ಫಾದರ್ ಮುಖ ನೋಡಿದರು, ಫಾದರ್ ನೆಲ ನೋಡಿದರು. ಆಮೇಲೆ ಅಜ್ಜ ಅತ್ತೆಯ ಮುಖ ನೋಡಿದರು. ಈ ನಿಯಮವನ್ನು ಅವರಿಗೆ ಕಲಿಸಿದವಳೇ ಅವಳು. ಟಕ್.

ಗಂಡಸರು ಕುರ್ಚಿ ಎತ್ತಲು ಬರುವಷ್ಟರಲ್ಲಿ ನಾನು ಅವಳನ್ನು ಬೆನ್ನಿಗೆ ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಹೊರಬಿದ್ದೆ. ಯೇಸುವಿನ ಶಿಲುಬೆ ಹೊತ್ತು, ಅದನ್ನು ಕೆಳಗಿಡಲೂ ಆಗದೆ ಸೈಮನ್ ಹೇಗೆ ನಡೆದನೋ ಹಾಗೆ ಇಟ್ಟಿಗೆ ದಾರಿ ಹಿಡಿದು ನಡೆದೆ. ದಾರಿಯುದ್ದಕ್ಕೂ ಅವಳ ಎಡಗೈ ನನ್ನ ಭುಜದ ಮೇಲೆ ಮೆಲ್ಲಗೆ ತಟ್ಟುತ್ತಲೇ ಇತ್ತು. ಈಗ ನಾನು ಏನು ತಪ್ಪು ಮಾಡಿದೆನೋ, ಯಾಕೆ ತಟ್ಟುತ್ತಿದ್ದಳೋ ಗೊತ್ತಾಗಲಿಲ್ಲ.

ಖಿಯೆಮ್ ಕತ್ತಲಾಗುವಾಗ ಬಂದರು. ಬಿಳಿ ಪಟ್ಟಿಯನ್ನು ಬಿಚ್ಚಿರಲಿಲ್ಲ.

"ಕರೆದ್ರು ರೀ. ಬಾಯ್ಬಿಟ್ಟು ಕರೆದ್ರು. ಊರೇ ಕೇಳ್ತು" ಎಂದೆ.

"ತಾಳ ಬಿತ್ತಲ್ಲ."

"ಬಿದ್ರೆ?"

"ತಾಳ ಬಿದ್ದಿದ್ದು ತಪ್ಪು. ತಪ್ಪಾಗಿ ಹಾಡಿದ್ದನ್ನ ಮಾತು ಅಂತ ಹೇಗ್ ತಗೊಳ್ಳೋದು? ಅದೂ ಅಲ್ದೆ ನೀನೇ ಕಲಿಸಿದ್ದು. ನಂಗೆ ಗೊತ್ತಿಲ್ವಾ? ಬೆಳಿಗ್ಗೆ ಸಂಜೆ ಅಂಗಳದಲ್ಲಿ ಕೂತು ಕೇಳಿಸ್ಕೊಂಡಿದೀನಿ."

"ಕೇಳಿಸ್ಕೊಂಡೂ ಸುಮ್ನಿದ್ರಾ?"

ಅವರು ತಲೆಯ ಪಟ್ಟಿ ಬಿಚ್ಚಿ ಮಡಿಸತೊಡಗಿದರು.

"ನಾನು ಕಲಿಸಿದ್ದು ಹೌದು. ಚಾಪೆ ಮೇಲೆ ಮಾತ್ರ ನಾನು ಕಂದಾ ಅಂತಾನೇ ಎತ್ಕೊಟ್ಟೆ. ಅವರು ತಗೊಳ್ಳಲಿಲ್ಲ ರೀ. ಅದು ಅವರದೇ ಮಾತು."

"ರೋಗ ಬಂದವರ ಮಾತು. ಅನ್ನ ಹಾಕು."

ಇವತ್ತು ಉಪವಾಸ ಎಂದೆ. ಅವರು ನೀರು ಕುಡಿದು ಮಲಗಿದರು.

ಮಾರ್ಚ್ ೩೧

ಬೆಳಿಗ್ಗೆ ಮೊದಲ ಸಾಲು ಎತ್ತಿಕೊಟ್ಟೆ. ಅಮ್ಮ ಸೂರು ನೋಡಿಕೊಂಡು ಮಲಗಿದ್ದಳು. ಎರಡನೇ ಸಾಲು ಕೊಟ್ಟೆ. ಬೇಕೆಂದೇ ತಪ್ಪಾಗಿ ಹಾಡಿದೆ, ಬಡಿಯಲಿ ಎಂದು. ಕೈ ಏಳಲಿಲ್ಲ. ಹಲಗೆಯ ಮೇಲಿನ ಟವಲು ತೆಗೆದೆ. ಆಗಲೂ ಏಳಲಿಲ್ಲ. ಎರಡು ವಾರದ ಹಿಂದೆ ಈ ಕೈ ಸೋಲಲಿ ಎಂದು ಕಾದಿದ್ದೆ.

ಮಧ್ಯಾಹ್ನ ಲಾರಿ ಬಂದು ಮರಿಯಮ್ಮನನ್ನು ತೆಗೆದುಕೊಂಡು ಹೋಯಿತು. ಖಿಯೆಮ್ ಬೆಳಗಾಗುವುದರೊಳಗೆ ಎದ್ದು ಮುಖ ಮುಗಿಸಿದ್ದರು. ನಮ್ಮ ಮನೆಯವರು ಯಾರೂ ಆ ಮುಖದಲ್ಲಿಲ್ಲ. ಯಾರದೂ ಅಲ್ಲದ ಮುಖ. ಎಷ್ಟು ಚೆನ್ನಾಗಿದೆ ಎಂದರು ಬಂದವರು.

ಏಪ್ರಿಲ್ ೧, ಈಸ್ಟರ್

ಬೆಳಗಿನ ಪೂಜೆಯಲ್ಲಿ ಊರಿನ ವಾದ್ಯದವರು ಕಹಳೆ ಊದಿದ್ದೇ ಊದಿದ್ದು. ಕಲ್ಲು ಉರುಳಿತು, ಸಮಾಧಿ ಬರಿದಾಯಿತು, ಅಲ್ಲೆಲೂಯ. ಮಗ ಎದ್ದು ಬಂದ ಮೇಲೆ ಮೊದಲು ತಾಯಿಯ ಮನೆಗೆ ಹೋದನೇ ಎಂದು ಯಾರೂ ಬರೆದಿಲ್ಲ. ತೋಟದಲ್ಲಿ ಕಂಡನಂತೆ, ದಾರಿಯಲ್ಲಿ ಕಂಡನಂತೆ, ಮೀನು ತಿಂದನಂತೆ. ತಾಯಿ ಬಾಗಿಲು ತೆಗೆದಿಟ್ಟು ಕಾದಳೋ, ಯಾರನ್ನಾದರೂ ಕೇಳುತ್ತಾ ಕೂತಳೋ, ಅದನ್ನು ತಿಳಿದವರು ಯಾರು?

ಮನೆಗೆ ಬಂದು ಅಮ್ಮನಿಗೆ ಗಂಜಿ ತಿನ್ನಿಸಿದೆ. ಖಿಯೆಮ್ ಅದೇ ಹಜಾರದಲ್ಲಿ ಊಟಕ್ಕೆ ಕೂತಿದ್ದರು. ನಾನು ಕೈ ಒರೆಸಿಕೊಂಡು, ಮಂಚದ ಅಂಚಿನಲ್ಲೇ ಕೂತು, ಲಿಯೆನ್‌ಗೆ ಫೋನು ಮಾಡಿದೆ.

"ಅಮ್ಮ? ಏನಾಯ್ತು? ಅಜ್ಜಿ ಹೋದ್ರಾ?"

"ಇಲ್ವಲ್ಲ. ಇಲ್ಲೇ ಇದಾರೆ. ಯಾಕೆ ಹಾಗಂತೀಯ?"

"ನೀನಾಗಿ ಯಾವತ್ತೂ ಫೋನ್ ಮಾಡಿದ್ದಿಲ್ವಲ್ಲ."

ಖಿಯೆಮ್ ಬಟ್ಟಲಿನಿಂದ ತಲೆ ಎತ್ತಿದರು. ನಾನು ದನಿ ತಗ್ಗಿಸಲಿಲ್ಲ.

"ಮನೆಗೆ ಬಾ ಲಿಯೆನ್. ಮಗೂನೂ ಕರ್ಕೊಂಡು ಬಾ."

"ಅಪ್ಪ ಒಪ್ಪಿದ್ರಾ?"

"ಇಲ್ಲ."

"ಅಜ್ಜಿ ಕರೆದ್ರಾ?"

"ಕರೆದ್ರು. ಅದು ತಪ್ಪು ಅಂತಾಯ್ತು. ಬಿಡು ಅದನ್ನ. ನಾನು ಕರೀತಿದೀನಿ."

ಆ ಕಡೆ ಮಗು ಏನೋ ಕೇಳುತ್ತಿತ್ತು.

"ಅಮ್ಮ, ಹೀಗೆ ಇದ್ದಕ್ಕಿದ್ದಂಗೆ ಅಂದ್ರೆ... ಇಲ್ಲಿ ನಮ್ಮತ್ತೇನ ಕೇಳ್ಬೇಕು. ಅವರು ಹೂಂ ಅಂದ್ರೆ ನೋಡ್ತೀನಿ."

ನಾನು ಮಂಚದಿಂದ ಎದ್ದು ನಿಂತೆ.

"ಕೇಳ್ಬೇಡ. ಯಾರನ್ನೂ ಕೇಳ್ಬೇಡ. ಮಗೂನ ಎತ್ಕೊಂಡು ಬಸ್ ಹತ್ತು."

"ಅದು ಅಷ್ಟು ಸುಲಭ ಅಲ್ಲ ಅಂತ ನಿಂಗಿಂತ ಚೆನ್ನಾಗಿ ಯಾರಿಗ್ ಗೊತ್ತಮ್ಮ?"

ನಾನು ಫೋನು ಇಡಲಿಲ್ಲ, ಅವಳೂ ಇಡಲಿಲ್ಲ. ಅಮ್ಮ ಮಂಚದಲ್ಲಿ ನನ್ನ ಕಡೆಗೇ ಕಣ್ಣು ನೆಟ್ಟಿದ್ದಳು. ಆಗ ಆ ಕಡೆ ಒಂದು ಬಾಗಿಲು ತೆರೆದ ಸದ್ದಾಯಿತು. ವಯಸ್ಸಾದ ಹೆಂಗಸಿನ ದನಿಯೊಂದು ಕೇಳಿತು, "ಯಾರದು ಫೋನು?"

"ಯಾರೂ ಅಲ್ಲ ಅತ್ತೆ" ಎಂದಳು ನನ್ನ ಮಗಳು.